ಪ್ಲಾಸ್ಟಿಕ್‌ನಿಂದ ಪೆಟ್ರೋಲ್ ತೆಗೆದ ಹುಡುಗನ ಸುದ್ದಿ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂತು, ಹಿತ್ತಲಲ್ಲೇ ರಿಯಾಕ್ಟರ್ ಮಾಡ್ಕೊಂಡು ಕಸದ ಪ್ಲಾಸ್ಟಿಕ್‌ನಿಂದ ಪೆಟ್ರೋಲ್ ತೆಗೆದ ಯುವಕ ಅಂತ. ಪಕ್ಕದಲ್ಲಿ ಫೋಟೋ, ಹಳೇ ಡ್ರಮ್ಮು, ಅದಕ್ಕೆ ವೆಲ್ಡಿಂಗ್ ಮಾಡಿದ ಪೈಪು, ಕೆಳಗೆ ಸೌದೆ ಉರಿ, ಅವನ ಕೈಯಲ್ಲಿ ನೀರಿನ ಬಾಟ್ಲಿ ತುಂಬ ಟೀ ಡಿಕಾಕ್ಷನ್ ಬಣ್ಣದ ಎಣ್ಣೆ, ಹಿಂದೆ ಎರಡು ಮಾರು ದೂರದಲ್ಲಿ ಮನೆ ಗೋಡೆ, ಆ ಗೋಡೆ ಮೂಲೇಲಿ ಒಂದು ಪುಟ್ಟ ಮಗು ಇಣುಕಿ ನೋಡ್ತಾ ನಿಂತಿದೆ. ಆ ಮಗೂನ ನಿಮ್ಮಲ್ಲಿ ಯಾರಾದ್ರೂ ಗಮನಿಸಿದ್ರೋ ಇಲ್ವೋ, ನನಗೆ ಮಾತ್ರ ಅವತ್ತಿಂದ ಡ್ರಮ್ಮಿಗಿಂತ ಆ ಮಗೂನೇ ಕಣ್ಣಿಗೆ ಕಟ್ಟಿದ ಹಾಗಿದೆ, ಅದಕ್ಕೇ ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಪಾಠ ಮಾಡಿ ರಿಟೈರ್ ಆದವನು, ಊರು ತಿಪಟೂರು. ಆ ಹುಡುಗನ ಮೇಲೆ ನನಗೆ ಒಂಚೂರೂ ಅಸಮಾಧಾನ ಇಲ್ಲ. ಊರ ಆಚೆ ಹಳ್ಳದಲ್ಲಿ ಕವರ್ ರಾಶಿ ಬಿದ್ದಿರೋದು ಎಲ್ರೂ ನೋಡ್ತಾರೆ, ಮೂಗು ಮುಚ್ಕೊಂಡು ಹೋಗ್ತಾರೆ, ಇದಕ್ಕೆ ಏನಾದ್ರೂ ಮಾಡಬೇಕು ಅಂತ ಸ್ಪ್ಯಾನರ್ ಹಿಡಿಯೋರು ಊರಿಗೆ ಒಬ್ಬರು ಸಿಕ್ಕಿದ್ರೆ ಹೆಚ್ಚು. ಅಂಥವನನ್ನ ಬೈದು ಕೂರಿಸೋದು ಪಾಪ. ಆದ್ರೆ ಹಾರ ಹಾಕಿ ಫೋಟೋ ತೆಗೆದು ಅವನನ್ನ ಆ ಡ್ರಮ್ ಪಕ್ಕದಲ್ಲೇ ಬಿಟ್ಟು ಬರೋದು ಇನ್ನೂ ದೊಡ್ಡ ತಪ್ಪು, ಯಾಕಂದ್ರೆ ಅದೇ ಕೆಲಸ ನಾನೂ ಮಾಡಿ ನೋಡಿದೀನಿ.

2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಆಯ್ತಲ್ಲ, ಅದರ ಮುಂದಿನ ವರ್ಷದ ಮಾತು. ನಿಷೇಧ ಆದ್ರೂ ರಾಶಿ ಕರಗಲಿಲ್ಲ. ನನ್ನ ಹಳೇ ಸ್ಟೂಡೆಂಟ್ಸ್ ಮೂರು ಜನ, ಒಬ್ಬ ವೆಲ್ಡರ್, ಇಬ್ಬರು ಲೇತ್ ಕೆಲಸದವರು, ಮೊಬೈಲಲ್ಲಿ ಜಪಾನಿನ ಅಕಿನೋರಿ ಇಟೊ ಅವರ ವಿಡಿಯೋ ತೋರಿಸಿದ್ರು. ಮೇಜಿನ ಮೇಲೆ ಇಡೋವಷ್ಟು ಚಿಕ್ಕ ಮಿಷನ್ನು, ಮೇಲಿಂದ ಕವರ್ ಹಾಕಿದ್ರೆ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತೆ. ಸಾರ್ ನಾವೂ ಮಾಡೋಣ ಅಂದ್ರು. ನನಗೂ ಆಸೆ ಹುಟ್ತು. ಶೆಡ್ ಇತ್ತು, ಮಿಷನ್ ಇತ್ತು, ಕೈಕಸುಬು ಇತ್ತು. ಇನ್ನೇನು ಬೇಕು ಅಂದ್ಕೊಂಡ್ವಿ.

ಇದರ ತತ್ವ ನಮ್ಮ ಸೀಮೆಯವರಿಗೆ ಹೊಸದೇನಲ್ಲ. ತೆಂಗಿನ ಚಿಪ್ಪು ಇದ್ದಿಲು ಮಾಡೋವಾಗ ಗುಂಡಿಗೋ ಡ್ರಮ್ಮಿಗೋ ಚಿಪ್ಪು ತುಂಬಿ, ಹೊತ್ತಿಸಿ, ಗಾಳಿ ಕಟ್ಟಿಬಿಡ್ತಾರೆ, ಚಿಪ್ಪು ಉರಿದು ಬೂದಿ ಆಗಲ್ಲ, ಒಳಗೇ ಬೆಂದು ಇದ್ದಿಲಾಗುತ್ತೆ, ಅದರಲ್ಲಿರೋ ಆವಿಯೆಲ್ಲ ಹೊಗೆಯಾಗಿ ಆಚೆ ಹೋಗುತ್ತೆ. ಪ್ಲಾಸ್ಟಿಕ್‌ಗೂ ಅದೇ, ಗಾಳಿ ಇಲ್ಲದ ಕಡೆ 400 ಡಿಗ್ರಿ ಆಸುಪಾಸು ಕಾಯಿಸೋದು, ಬರೋ ಆವೀನ ಭಟ್ಟಿ ಇಳಿಸಿದ ಹಾಗೆ ತಣ್ಣೀರಿನ ಪೈಪಲ್ಲಿ ಇಳಿಸಿಕೊಳ್ಳೋದು. ಪ್ಲಾಸ್ಟಿಕ್ ಅಂದ್ರೆ ಕಾರ್ಬನ್ನಿನ ಉದ್ದುದ್ದ ಸರ, ಒಂದೊಂದು ಸರದಲ್ಲಿ ಸಾವಿರಾರು ಕೊಂಡಿ. ಹೂವಾಡಗಿತ್ತಿ ಮಾರು ಹೂವನ್ನ ಮೊಳ ಹಾಕಿ ಕತ್ತರಿಸ್ತಾಳಲ್ಲ, ಶಾಖ ಆ ಸರಾನ ಹಾಗೆ ಕತ್ತರಿಸುತ್ತೆ, ಆದ್ರೆ ಅವಳ ಹಾಗೆ ಅಳತೆ ಇಟ್ಟು ಕತ್ತರಿಸಲ್ಲ, ಅದೇ ತೊಂದರೆ. ಮೂರು ನಾಲ್ಕು ಕೊಂಡಿಯ ತುಂಡು ಅಂದ್ರೆ ನಮ್ಮ ಅಡುಗೆ ಗ್ಯಾಸ್, 5ರಿಂದ 12 ಅಂದ್ರೆ ಪೆಟ್ರೋಲ್ ಜಾತಿ, ಇನ್ನೂ ಉದ್ದ ಆದ್ರೆ ಡೀಸೆಲ್ ಜಾತಿ, 20 ದಾಟಿದ್ರೆ ಮೇಣ. ಎಲ್ಲಾ ಒಂದೇ ಪೈಪಲ್ಲಿ ಒಟ್ಟಿಗೆ ಬರುತ್ತೆ. ಬಾಟ್ಲೀಲಿ ಬೀಳೋದು ಪೆಟ್ರೋಲ್ ಅಲ್ಲ, ಡೀಸೆಲ್ಲೂ ಅಲ್ಲ, ಎಲ್ಲದರ ಕಲಸುಮೇಲೋಗರ. ನಿಮ್ಮ ಹೆಡ್‌ಲೈನ್‌ನಲ್ಲಿ ಪೆಟ್ರೋಲ್ ಅಂತಿತ್ತು.

ನಾವು ಹಾಲಿನ ಪ್ಯಾಕೆಟ್ ಮಾತ್ರ ತಗೊಂಡ್ವಿ, ತೊಳೆದು ಒಣಗಿಸಿದ್ದು. ಅರ್ಧ ಲೀಟರ್ ಪ್ಯಾಕೆಟ್ ಒಂದು ತೂಕ ಹಾಕಿದ್ರೆ ಮೂರು ಗ್ರಾಂ ಚಿಲ್ಲರೆ, ಒಂದು ಕೆಜಿ ಆಗೋಕೆ ಸುಮಾರು 300 ಪ್ಯಾಕೆಟ್ ಬೇಕು. ಬೀದಿ ಮನೆಯವರೆಲ್ಲ ತಂದುಕೊಟ್ರು. ಮೊದಲನೇ ಸಲ ಎಣ್ಣೆ ಹನಿ ಹನಿ ಬಿದ್ದಾಗ ನಾವು ನಾಲ್ಕೂ ಜನ ಮಕ್ಕಳ ಹಾಗೆ ಕುಣಿದ್ವಿ. ಹಳೇ ಡೀಸೆಲ್ ಪಂಪ್ ಎಂಜಿನ್ನಿಗೆ ಹಾಕಿದ್ವಿ, ಓಡಿತು ಕೂಡ. ನಾಲ್ಕು ದಿನ ಆದ್ಮೇಲೆ ಬಿಚ್ಚಿ ನೋಡಿದ್ರೆ ಎಣ್ಣೆ ಚಿಮ್ಮೋ ನಾಝಲ್ ತುಂಬ ಅಂಟು. ಈ ಎಣ್ಣೇಲಿ ಅರ್ಧಂಬರ್ಧ ತುಂಡಾದ ಕೊಂಡಿಗಳು ಜಾಸ್ತಿ, ಅವು ಕ್ಯಾನಲ್ಲಿ ಇಟ್ಟ ಕಡೇನೇ ಮತ್ತೆ ಒಂದಕ್ಕೊಂದು ಅಂಟ್ಕೊಂಡು ಗೋಂದಾಗ್ತವೆ. ಇದು ನಮಗೆ ಆಮೇಲೆ ಗೊತ್ತಾಗಿದ್ದು.

ಡಿಸೆಂಬರ್ ತಿಂಗಳು, ಬೆಳಗಿನ ಚಳಿ. ಅವತ್ತು ಎಣ್ಣೆ ಬರೋದು ಇದ್ದಕ್ಕಿದ್ದ ಹಾಗೆ ನಿಂತೋಯ್ತು. ಉರಿ ಕಮ್ಮಿ ಆಗಿರಬೇಕು ಅಂತ ನಾನೇ ಉರಿ ಜಾಸ್ತಿ ಮಾಡು ಅಂದೆ. ನಿಜ ಏನಂದ್ರೆ ಪೈಪು ಬಗ್ಗಿದ ಕಡೆ ಮೇಣ ಗಟ್ಟಿಯಾಗಿ ಕೂತಿತ್ತು, ಆವಿ ಹೋಗೋಕೆ ದಾರಿ ಇರಲಿಲ್ಲ, ಒಳಗೆ ಒತ್ತಡ ಏರ್ತಿತ್ತು. ಪ್ರೆಶರ್ ಗೇಜ್ ಹಾಕಿರಲಿಲ್ಲ, ಸೇಫ್ಟಿ ವಾಲ್ವ್ ಇರಲಿಲ್ಲ. ಅಡುಗೆ ಮನೆ ಕುಕ್ಕರಿಗೂ ಇರೋ ವಾಲ್ವು ನಮ್ಮ ರಿಯಾಕ್ಟರಿಗೆ ಇರಲಿಲ್ಲ ಸಾರ್, ನಾನು ಮೂವತ್ತು ವರ್ಷ ಪಾಠ ಮಾಡಿದೋನು. ಬೋಲ್ಟ್ ಹಾಕಿ ಪೈಪ್ ಜೋಡಿಸೋ ಫ್ಲ್ಯಾಂಜ್ ಹತ್ರ ಹೊಗೆ ಸೋರೋಕೆ ಶುರುವಾಯ್ತು, ಒಬ್ಬ ಹುಡುಗ ಬೋಲ್ಟ್ ಬಿಗಿ ಮಾಡೋಣ ಅಂತ ಸ್ಪ್ಯಾನರ್ ಹಿಡ್ಕೊಂಡು ಹೋದ, ಅಷ್ಟರಲ್ಲಿ ಆ ಜೋಡಣೆ ಮಧ್ಯೆ ಸೋರದ ಹಾಗೆ ಇಡೋ ಗ್ಯಾಸ್ಕೆಟ್ ಕಿತ್ಕೊಂಡು ಆಳೆತ್ತರ ಬೆಂಕಿ ಬಂತು. ಇನ್ನೊಬ್ಬ ಗಾಬರೀಲಿ ಬಕೆಟ್ ನೀರು ಎರಚಿದ, ಕಾದ ಎಣ್ಣೆಗೆ ನೀರು ಬಿದ್ರೆ ಏನಾಗುತ್ತೆ ಅಂತ ಒಗ್ಗರಣೆ ಹಾಕೋರಿಗೆಲ್ಲ ಗೊತ್ತು, ಬೆಂಕಿ ಶೆಡ್ಡಿನ ಮೇಲಿನ ಶೀಟಿನವರೆಗೂ ಎದ್ದಿತು. ಕೊನೆಗೆ ಮನೆ ಕಟ್ಟೋಕೆ ಪಕ್ಕದ ಸೈಟಲ್ಲಿ ಹಾಕಿದ್ದ ಮರಳು ತಂದು ಸುರಿದು ಆರಿಸಿದ್ವಿ. ಸ್ಪ್ಯಾನರ್ ಹಿಡಿದು ಹೋಗಿದ್ದ ಹುಡುಗನ ಬಲಗೈ ಮಣಿಕಟ್ಟಿಂದ ಮೊಳಕೈವರೆಗೂ ಸುಟ್ಟಿತ್ತು. ತಿಂಗಳ ಹತ್ರ ಆಸ್ಪತ್ರೆ. ಇವತ್ತಿಗೂ ಎರಡು ಬೆರಳು ಪೂರ್ತಿ ಮಡಚೋಕೆ ಬರಲ್ಲ, ಲೇತ್ ಕೆಲಸ ಬಿಟ್ಟು ಈಗ ಅಂಗಡಿ ಇಟ್ಕೊಂಡಿದಾನೆ. ದಾರೀಲಿ ಸಿಕ್ಕಿದ್ರೆ ಈಗಲೂ ಸಾರ್ ಅಂತಾನೇ ನಿಂತು ಮಾತಾಡಿಸ್ತಾನೆ, ಒಂದು ದಿನ ಕೂಡ ನಿಮ್ಮಿಂದ ಹೀಗಾಯ್ತು ಅಂದಿಲ್ಲ. ಅದು ನನ್ನ ಎದೇಲಿ ಹಾಗೇ ಇದೆ.

ಅಲ್ಲಿ ಕಿಡಿ ಎಲ್ಲಿತ್ತು ಅಂತ ತುಂಬಾ ದಿನ ಯೋಚನೆ ಮಾಡಿದೆ. ಆಮೇಲೆ ಓದಿ ತಿಳ್ಕೊಂಡೆ, ಕಿಡಿ ಬೇಕಾಗೇ ಇರಲಿಲ್ಲ. ಪೆಟ್ರೋಲ್ ಡೀಸೆಲ್ ಜಾತಿ ಆವಿ ಗಾಳಿ ಜೊತೆ ಸೇರಿದ್ರೆ 210ರಿಂದ 280 ಡಿಗ್ರಿ ಆಸುಪಾಸಲ್ಲಿ ತಾನೇ ಹೊತ್ಕೊಳುತ್ತೆ. ರಿಯಾಕ್ಟರ್ ಒಳಗೆ ಇರೋದು 400. ಅಂದ್ರೆ ಆ ಆವಿ ಉರಿಯೋಕೆ ತಯಾರಾಗೇ ಕೂತಿರುತ್ತೆ, ಒಳಗೆ ಗಾಳಿ ಇಲ್ಲ ಅನ್ನೋದೊಂದೇ ಅದನ್ನ ತಡೆದಿರೋದು. ಸೂಜಿಮೊನೆ ಅಷ್ಟು ವೆಲ್ಡಿಂಗ್ ತೂತು ಸಾಕು. ಇನ್ನೊಂದು ಸಂಗತಿ ವಿಡಿಯೋಗಳಲ್ಲಿ ಯಾರೂ ಹೇಳಲ್ಲ, ಉರಿ ಆರಿಸಿದ ಮೇಲೂ ಅಪಾಯ ಇದ್ದೇ ಇದೆ. ಡ್ರಮ್ ತಣ್ಣಗಾಗ್ತಾ ಒಳಗಿನ ಆವಿ ಕುಗ್ಗುತ್ತೆ, ಆಗ ಅದು ಆಚೆಯಿಂದ ಎಳ್ಕೊಳ್ಳುತ್ತೆ, ಪೈಪಿನ ತುದಿ ನೀರಲ್ಲಿ ಮುಳುಗಿದ್ರೆ ನೀರನ್ನ, ಇಲ್ಲಾಂದ್ರೆ ಗಾಳೀನ. ನೀರು ಒಳಗೆ ಹೋದ್ರೆ ಒಂದೇ ಸಲಕ್ಕೆ ಹಬೆ, ಗಾಳಿ ಹೋದ್ರೆ ಬೆಂಕಿ. ಕೆಲಸ ಮುಗೀತು ಅಂತ ಎಲ್ರೂ ಹತ್ರ ಬಂದು ನಿಂತಿರೋ ಹೊತ್ತು ಅದು. ಜೊತೆಗೆ ಎಣ್ಣೆಯಾಗದೆ ಉಳಿಯೋ ಗ್ಯಾಸ್ ಬೇರೆ ಇದೆ, ಮೀಥೇನ್, ಈಥೇನ್, ಪ್ರೊಪೇನ್, ಹೈಡ್ರೋಜನ್ ಎಲ್ಲಾ ಸೇರಿದ್ದು. ನಿಮ್ಮ ಫೋಟೋದಲ್ಲಿ ಆ ಗ್ಯಾಸ್ ಎಲ್ಲಿಗೆ ಹೋಗ್ತಿತ್ತು ಅಂತ ನಾನು ಭೂತಗನ್ನಡಿ ಹಿಡಿದು ಹುಡುಕಿದೆ, ಪೈಪಿನ ಬಾಯಿ ಬಾಟ್ಲಿ ಮೇಲೆ ತೆರೆದೇ ಇತ್ತು, ಅಂದ್ರೆ ನೇರ ಹಿತ್ತಲಿಗೆ, ಆ ಮಗು ನಿಂತ ಕಡೆಗೆ.

ನಾವಾದ್ರೂ ಹಾಲಿನ ಪ್ಯಾಕೆಟ್ ಮಾತ್ರ ಹಾಕಿದ್ವಿ. ನಿಮ್ಮ ಸುದ್ದೀಲಿ "ಯಾವ ಪ್ಲಾಸ್ಟಿಕ್ ಆದ್ರೂ ಆಗುತ್ತೆ" ಅಂತ ಬರೆದಿದೆ, ಇದನ್ನ ಮಾತ್ರ ದಯವಿಟ್ಟು ತಿದ್ದಿ. ಪಿವಿಸಿ ಅಂದ್ರೆ ನಮ್ಮ ಬೋರ್‌ವೆಲ್ ಪೈಪು, ವೈರಿನ ಮೇಲಿನ ಹೊದಿಕೆ, ರೆಕ್ಸಿನ್ನು, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 57 ಪರ್ಸೆಂಟ್, ಕ್ಲೋರಿನ್ನೇ. 300 ಡಿಗ್ರಿ ಆಗೋ ಹೊತ್ತಿಗೆ ಅದು ಹೈಡ್ರೋಕ್ಲೋರಿಕ್ ಆಸಿಡ್ ಗ್ಯಾಸಾಗಿ ಬರುತ್ತೆ, ಬಾತ್‌ರೂಮ್ ತೊಳೆಯೋಕೆ ತರ್ತೀವಲ್ಲ ಅದೇ ಆಸಿಡ್, ಉಸಿರಲ್ಲಿ ಹೋದ್ರೆ ಶ್ವಾಸಕೋಶದಲ್ಲೇ ಆಸಿಡ್ ಆಗುತ್ತೆ, ಡ್ರಮ್ಮಿನ ಕಬ್ಬಿಣಾನೂ ತಿನ್ನುತ್ತೆ. ನೀರಿನ ಬಾಟ್ಲಿ ಪೆಟ್ ಪ್ಲಾಸ್ಟಿಕ್, ಅದರ ತೂಕದ ಮೂರನೇ ಒಂದು ಭಾಗ ಆಕ್ಸಿಜನ್, ಅದು ಎಣ್ಣೆ ಕೊಡೋ ಬದಲು ಬಿಳಿ ಪುಡಿಯಾಗಿ ಹೋಗಿ ಪೈಪಲ್ಲಿ ಕೂರುತ್ತೆ, ಪೈಪ್ ಕಟ್ಟಿದ್ರೆ ಏನಾಗುತ್ತೆ ಅಂತ ಮೇಲೆ ಹೇಳಿದೀನಿ. ಥರ್ಮೋಕೋಲ್ ಹಾಕಿದ್ರೆ ಎಣ್ಣೆ ಏನೋ ಚೆನ್ನಾಗಿ ಬರುತ್ತೆ, ಆದ್ರೆ ಅದು ಬಹುಪಾಲು ಸ್ಟೈರೀನ್, ಜೊತೆಗೆ ಬೆಂಜೀನ್ ಕೂಡ ಇರಬಹುದು, ಬೆಂಜೀನ್ ಅಂದ್ರೆ ಕ್ಯಾನ್ಸರ್ ತರೋದು ಅಂತ ಸಾಬೀತಾಗಿರೋ ವಸ್ತು. ಬರಿಗೈಲಿ ಹಿಡಿಯೋದಲ್ಲ.

ಲೆಕ್ಕದ ವಿಷಯಕ್ಕೆ ಬರ್ತೀನಿ. ಒಂದು ಕೆಜಿ ಪ್ಲಾಸ್ಟಿಕ್‌ಗೆ ಒಂದೂವರೆ ಲೀಟರ್ ಪೆಟ್ರೋಲ್ ಬರುತ್ತೆ ಅಂತ ನಿಮ್ಮ ವರದಿ ಹೇಳುತ್ತೆ. ಒಂದು ಲೀಟರ್ ಪೆಟ್ರೋಲ್ 740 ಗ್ರಾಂ ಆಸುಪಾಸು ತೂಗುತ್ತೆ, ಒಂದೂವರೆ ಲೀಟರ್ ಅಂದ್ರೆ 1 ಕೆಜಿ 110 ಗ್ರಾಂ. ಒಂದು ಕೆಜಿ ಹಾಕಿ ಅದಕ್ಕಿಂತ ಜಾಸ್ತಿ ತೂಕ ತೆಗೆಯೋದು ಹೇಗೆ ಸಾಧ್ಯ? ಕೊಬ್ಬರಿ ಮಂಡೀಲಿ ತೂಕ ಹಾಕೋ ಹುಡುಗನ ಕೇಳಿದ್ರೂ ಆಗಲ್ಲ ಅಂತಾನೆ. ಡೆಹ್ರಾಡೂನಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪೆಟ್ರೋಲಿಯಂ ಇದೆ, ಅಲ್ಲಿ ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಜೊತೆ ಸೇರಿ 2019ರ ಆಗಸ್ಟ್‌ನಲ್ಲಿ ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್‌ನ ಡೀಸೆಲ್ ಮಾಡೋ ಘಟಕ ಶುರು ಮಾಡಿದ್ರು, ಅವರೇ ಹೇಳಿದ್ದು ಟನ್ನಿಗೆ 800 ಲೀಟರ್ ತನಕ ಅಂತ, ಅಂದ್ರೆ ಕೆಜಿಗೆ ಮುಕ್ಕಾಲು ಲೀಟರ್ ಮೇಲೆ ಸ್ವಲ್ಪ. ದೇಶದ ದೊಡ್ಡ ಪೆಟ್ರೋಲಿಯಂ ವಿಜ್ಞಾನಿಗಳು ಕೂತು ತೆಗೆದಿದ್ದು ಅಷ್ಟು. ನಾಗಪುರದಲ್ಲಿ ಅಲಕಾ ಝಡಗಾಂವ್ಕರ್ ಅನ್ನೋ ಕೆಮಿಸ್ಟ್ರಿ ಪ್ರೊಫೆಸರ್ 2000ದ ದಶಕದ ಶುರುವಿನಲ್ಲೇ ಇದನ್ನ ಮಾಡಿ ತೋರಿಸಿದ್ರು. ಹಾಗಾಗಿ "ದೇಶದಲ್ಲೇ ಮೊದಲು" ಅಂತ ಬರೆದಿದ್ದೂ ಸರಿ ಇಲ್ಲ. ಇನ್ನು ಉರಿ ಹಾಕಿದ ಸೌದೆ, ಗ್ಯಾಸಿನ ಲೆಕ್ಕ ಯಾರೂ ಕೇಳಲ್ಲ. ನಮ್ಮ ಶೆಡ್ಡಲ್ಲಿ ಮುಕ್ಕಾಲು ಲೀಟರ್ ಎಣ್ಣೆಗೆ ಒಂದು ಕೆಜಿಗಿಂತ ಜಾಸ್ತಿ ಸಿಲಿಂಡರ್ ಗ್ಯಾಸ್ ಖರ್ಚಾಗಿತ್ತು. ಮೂರು ಸಲ ತೂಕ ಹಾಕಿ ನೋಡಿದೀನಿ. ಡ್ರಮ್ಮಿಗೆ ಹೊದಿಕೆ ಇಲ್ಲದೆ ಶಾಖವೆಲ್ಲ ಗಾಳಿಗೆ ಹೋಗ್ತಿತ್ತು, ಒಳ್ಳೇ ಗ್ಯಾಸ್ ಸುಟ್ಟು ಕೆಟ್ಟ ಎಣ್ಣೆ ತೆಗೀತಿದ್ವಿ.

ಇಷ್ಟೆಲ್ಲ ಆದ್ಮೇಲೆ ನನಗೆ ಹೊಳೆದಿದ್ದು ಒಂದು ವಿಷಯ, ಈ ಪತ್ರ ಬರೆಯೋಕೆ ಅದೇ ಮುಖ್ಯ ಕಾರಣ. ಹಿತ್ತಲ ರಿಯಾಕ್ಟರಲ್ಲಿ ನೆಟ್ಟಗೆ ಎಣ್ಣೆ ಕೊಡೋದು ಯಾವುದು? ಹಾಲಿನ ಪ್ಯಾಕೆಟ್ಟು, ಎಣ್ಣೆ ಕ್ಯಾನು, ಮುರಿದ ಬಕೆಟ್ಟು, ಕುರ್ಚಿ. ಇವನ್ನೆಲ್ಲ ಗುಜರಿಯವನು ಮನೆ ಬಾಗಿಲಿಗೆ ಬಂದು ದುಡ್ಡು ಕೊಟ್ಟು ತಗೊಂಡು ಹೋಗ್ತಾನೆ, ಅವು ಕರಗಿ ಮತ್ತೆ ಪೈಪಾಗ್ತವೆ, ಬಕೆಟ್ಟಾಗ್ತವೆ, ಹತ್ತಾರು ಜನರ ಹೊಟ್ಟೆ ತುಂಬಿಸ್ತವೆ. ನಮ್ಮ ಹಳ್ಳದಲ್ಲಿ ಬಿದ್ದಿರೋದು ಯಾವುದು ಹಾಗಾದ್ರೆ? ಶಾಂಪೂ ಚೀಟಿ, ಗುಟ್ಕಾ ಚೀಟಿ, ಬಿಸ್ಕತ್ತಿನ ಹೊದಿಕೆ, ಮಣ್ಣು ಅನ್ನ ಸಾರು ಮೆತ್ತಿದ ಕ್ಯಾರಿಬ್ಯಾಗು. ಶಾಂಪೂ ಚೀಟಿ ಕೈಯಲ್ಲಿ ಹರಿದು ನೋಡಿ, ಒಂದರ ಮೇಲೊಂದು ಪದರ, ಒಂದು ಪೆಟ್ ಪ್ಲಾಸ್ಟಿಕ್, ಒಂದು ಅಲ್ಯೂಮಿನಿಯಂ, ಒಂದು ಪಾಲಿಥೀನು, ಬಿಡಿಸೋಕೆ ಯಾರ ಕೈಲೂ ಆಗಲ್ಲ. ಗುಜರಿಯವನು ಅದನ್ನ ಮುಟ್ಟಲ್ಲ, ಡ್ರಮ್ಮಿಗೂ ಅದು ಆಗಿ ಬರಲ್ಲ. ಅಂದ್ರೆ ನಾವು ಯಾವುದಕ್ಕೆ ಗಿರಾಕಿ ಇದೆಯೋ ಅದನ್ನ ತಂದು ಬೇಯಿಸ್ತಿದ್ವಿ, ಯಾವುದು ಊರಿಗೆ ಪೀಡೆ ಆಗಿದೆಯೋ ಅದು ಹಳ್ಳದಲ್ಲೇ ಇತ್ತು. ಮೂರು ತಿಂಗಳು ಕೆಲಸ ಮಾಡಿದ್ವಿ, ರಾಶಿ ಒಂದು ಬೊಗಸೇನೂ ಕಮ್ಮಿ ಆಗಿರಲಿಲ್ಲ.

ಆ ಚೀಟಿಗಳಿಗೆ ಜಾಗ ಬೇರೆ ಇದೆ. ಕಾರ್ಕಳ ತಾಲೂಕು ನಿಟ್ಟೇಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸೋ ಘಟಕ ಮಾಡಿದಾರೆ, ಸುತ್ತಮುತ್ತಲ ಪಂಚಾಯ್ತಿಗಳ ಕಸ ಅಲ್ಲಿಗೆ ಬರುತ್ತೆ, ಮಾರಬಹುದಾದ್ದು ಮಾರಾಟಕ್ಕೆ ಹೋಗುತ್ತೆ. ಯಾರೂ ಕೊಳ್ಳದೇ ಇರೋಂಥದ್ದಕ್ಕೆ ಸಿಮೆಂಟ್ ಫ್ಯಾಕ್ಟರಿ ಗೂಡು ಒಂದು ದಾರಿ, ಆ ಗೂಡಲ್ಲಿ ಕಲ್ಲು ಬೇಯೋದೇ 1450 ಡಿಗ್ರಿಗೆ, ಆ ಶಾಖಕ್ಕೆ ಈ ಪದರದ ಚೀಟಿ ಯಾವ ಲೆಕ್ಕ. ನಮ್ಮ ಕಲಬುರಗಿ ಕಡೆ ಸಿಮೆಂಟ್ ಗೂಡುಗಳಿಗೇನು ಕಮ್ಮಿ. ಮದುರೈನ ಪ್ರೊಫೆಸರ್ ವಾಸುದೇವನ್ ಅವರು ಪ್ಲಾಸ್ಟಿಕ್ ಚೂರನ್ನ ಬಿಸಿ ಜಲ್ಲಿ ಮೇಲೆ ಹಾಕಿ ಡಾಂಬರ್ ರಸ್ತೆ ಮಾಡೋದು ಕಂಡುಹಿಡಿದ್ರು, 2018ರಲ್ಲಿ ಪದ್ಮಶ್ರೀ ಬಂತು, ಅದರಲ್ಲಿ 170 ಡಿಗ್ರಿ ಸಾಕು, ಕವರ್ ಕರಗಿ ಜಲ್ಲಿಗೆ ಮೆತ್ಕೊಳುತ್ತೆ, ಆವಿ ಆಗೋ ಮಟ್ಟಕ್ಕೆ ಹೋಗಲ್ಲ. ಎಷ್ಟೋ ಪಂಚಾಯ್ತಿಗೆ ಈಗ ಸ್ವಚ್ಛ ವಾಹಿನಿ ಅಂತ ಕಸದ ಗಾಡಿ ಬಂದಿದೆ, ಎಷ್ಟೋ ಕಡೆ ಹೆಣ್ಣುಮಕ್ಕಳೇ ಓಡಿಸ್ತಾರೆ, ಅವರ ಗಾಡಿಗೆ ಹಸಿ ಒಣ ಬೇರೆ ಮಾಡಿ ಕೊಟ್ರೆ ನಮ್ಮ ಡ್ರಮ್ಮು ಮಾಡೋದಕ್ಕಿಂತ ಹತ್ತುಪಟ್ಟು ಕೆಲಸ ಆಗುತ್ತೆ.

ಆ ಎಣ್ಣೇನ ಬೈಕಿಗೆ ಹಾಕಿ ಓಡಿಸಿದ ಅಂತಾನೂ ಇತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಅನ್ನೋ ಹೊಗೆ ನಿಯಂತ್ರಣ ಮಾನದಂಡದ ಪೆಟ್ರೋಲಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗ ಮೀರೋ ಹಾಗಿಲ್ಲ, ಟೆಸ್ಟ್ ಮಾಡದ ಎಣ್ಣೇಲಿ ಏನಿದೆ ಅಂತ ಯಾರು ಹೇಳ್ತಾರೆ? ಅದರಲ್ಲಿ ಪೆಟ್ರೋಲಿನ ಹಗುರ ಭಾಗ ಇರೋದ್ರಿಂದ ರೂಮಿನ ಶಾಖದಲ್ಲೇ ಒಂದು ಕಿಡಿ ತಾಗಿದ್ರೂ ಹೊತ್ಕೊಳ್ಳೋ ಜಾತಿ ಅದು, 1934ರ ಪೆಟ್ರೋಲಿಯಂ ಕಾಯ್ದೆ ಇರೋದೇ ಇಂಥದ್ದನ್ನ ತಯಾರು ಮಾಡೋಕೆ, ಕೂಡಿಡೋಕೆ ಕಟ್ಟುಪಾಡು ಹಾಕೋಕೆ. ನಿಮ್ಮ ವರದಿ ಕೊನೇಲಿ ಹುಡುಗ ಇದನ್ನ ಲೀಟರ್ ಲೆಕ್ಕದಲ್ಲಿ ಮಾರೋ ಯೋಚನೇಲಿದಾನೆ ಅಂತಿದೆ. ಅವನಿಗೆ ಕಾನೂನು ಗೊತ್ತಿಲ್ಲ, ಗೊತ್ತಿರಬೇಕಾಗಿದ್ದ ನೀವಾದ್ರೂ ಒಂದು ಸಾಲು ಹೇಳಬಹುದಿತ್ತು. ನಾಳೆ ಅವನ ಮೇಲೆ ಕೇಸಾದ್ರೆ ಅದೇ ಪುಟದಲ್ಲಿ ಅದನ್ನೂ ಹಾಕಬೇಕಾಗುತ್ತೆ.

ಸಂಪಾದಕರೇ, ನಿಮ್ಮ ವರದಿಗಾರರು ಮುಂದೆ ಇಂಥ ಸುದ್ದಿಗೆ ಹೋದಾಗ ಎಷ್ಟು ತೂಕ ಹಾಕಿದೆ ಎಷ್ಟು ತೂಕ ಬಂತು, ಯಾವ ಯಾವ ಪ್ಲಾಸ್ಟಿಕ್ಕು, ಉಳಿದ ಗ್ಯಾಸ್ ಎಲ್ಲಿಗೆ ಬಿಡ್ತೀಯ, ಸೇಫ್ಟಿ ವಾಲ್ವ್ ಎಲ್ಲಿದೆ ತೋರಿಸು ಅಂತ ಕೇಳಲಿ, ಅದೆಲ್ಲ ಕೇಳೋಕೆ ಕೆಮಿಸ್ಟ್ರಿ ಓದಿರಬೇಕಾಗಿಲ್ಲ. ಉತ್ತರ ಸಿಗದಿದ್ರೆ ಸುದ್ದಿ ಹಾಕಬೇಡಿ ಅಂತ ನಾನು ಹೇಳ್ತಿಲ್ಲ, ಹುಡುಗನ ಉತ್ಸಾಹದ ಜೊತೆ ಆ ಪ್ರಶ್ನೇನೂ ಹಾಕಿ. ಯಾಕಂದ್ರೆ ಆ ಪುಟ ಓದಿ ಈಗಾಗಲೇ ನಮ್ಮ ಪಕ್ಕದ ಬೀದಿ ಇಬ್ಬರು ಪಿಯುಸಿ ಹುಡುಗರು ನನ್ನ ಹತ್ರ ಬಂದು ಹಳೇ ಸಿಲಿಂಡರ್ ಇದ್ರೆ ಕೊಡಿ ಸಾರ್ ಅಂತ ಕೇಳಿದ್ರು. ಖಾಲಿ ಗ್ಯಾಸ್ ಸಿಲಿಂಡರ್ ಕೊಯ್ಯೋಕೆ ಹೊರಟಿದ್ರು. ಕೂರಿಸಿ ಎರಡು ಗಂಟೆ ಮಾತಾಡಿ ಕಳಿಸಿದೆ, ಎಲ್ಲಾ ಊರಲ್ಲೂ ಹೀಗೆ ಕೂರಿಸೋರು ಇರ್ತಾರಾ?

ಆ ಹುಡುಗರಿಗೆ ಜಾಗ ಬೇಕು, ಇದು ನಮ್ಮ ಕಾಲೇಜುಗಳಿಗೆ ನನ್ನ ಕೋರಿಕೆ. ತುಮಕೂರಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟಲ್ಲಿ ಕೆಮಿಕಲ್ ಎಂಜಿನಿಯರಿಂಗ್ ವಿಭಾಗ ಇದೆ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಇದೆ. ಅಲ್ಲಿ ಹೊಗೆ ಎಳೆಯೋ ಹುಡ್ ಇರುತ್ತೆ, ಗಾಳಿ ತೆಗೆಯೋಕೆ ನೈಟ್ರೋಜನ್ ಸಿಲಿಂಡರ್ ಇರುತ್ತೆ, ಅರ್ಧ ಕೆಜಿ ಹಿಡಿಯೋ ಚಿಕ್ಕ ರಿಯಾಕ್ಟರಲ್ಲಿ ತಿಳಿದೋರ ಕಣ್ಣೆದುರು ಮಾಡಿ ನೋಡಬಹುದು, ಬಂದ ಎಣ್ಣೇಲಿ ಏನೇನಿದೆ ಅಂತ ಅವತ್ತೇ ತಿಳ್ಕೋಬಹುದು. ಬೆಂಗಳೂರಿನ ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿಯವರು ಎಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟ್‌ಗೆ ಎಷ್ಟೋ ವರ್ಷದಿಂದ ಹಣ ಕೊಡ್ತಾ ಬಂದಿದಾರೆ, ಅಂಥದೇ ಒಂದು ಬಾಗಿಲು ಐಟಿಐ ಮುಗಿಸಿ ಗ್ಯಾರೇಜಲ್ಲಿ ಇರೋ ಹುಡುಗನಿಗೂ, ಓದು ಬಿಟ್ಟವನಿಗೂ ತೆರೀಲಿ. ತಿಂಗಳಿಗೆ ಒಂದು ಶನಿವಾರ ಸಾಕು, ಮನೇಲಿ ಏನು ಮಾಡ್ತಿದೀಯೋ ಅದರ ಚಿತ್ರ ತಗೊಂಡು ಬಾ, ನಾವು ನೋಡ್ತೀವಿ ಅಂತ ಒಬ್ಬ ಮೇಷ್ಟ್ರು ಕೂತ್ರೆ ಸಾಕು. ನಮಗೆ 2017ರಲ್ಲಿ ಹಾಗೆ ಹೇಳೋರು ಒಬ್ಬರು ಸಿಕ್ಕಿದ್ರೆ ಪ್ರೆಶರ್ ಗೇಜ್ ಎಲ್ಲಿ ಅಂತ ಮೊದಲನೇ ದಿನವೇ ಕೇಳಿರೋರು.

ನಿಮ್ಮ ವರದಿಗಾರರ ಹತ್ರ ಆ ಹುಡುಗನ ಫೋನ್ ನಂಬರ್ ಇರುತ್ತೆ. ಈ ಪತ್ರ ಅಚ್ಚಾಗೋವರೆಗೂ ಕಾಯದೆ ಇವತ್ತೇ ಅವನಿಗೆ ಫೋನ್ ಮಾಡಿ, ಮುಂದಿನ ಉರಿ ಹಾಕೋಕೆ ಮುಂಚೆ ಒಂದ್ಸಲ ತಿಪಟೂರಿಗೆ ಬಂದು ಹೋಗು ಅಂತ ಹೇಳಿ. ನಮ್ಮ ಶೆಡ್ಡಲ್ಲಿ ಆ ಸುಟ್ಟ ಫ್ಲ್ಯಾಂಜು, ಕಿತ್ತುಹೋದ ಗ್ಯಾಸ್ಕೆಟ್ಟು ಹಾಗೇ ಇಟ್ಟಿದೀನಿ, ತೋರಿಸ್ತೀನಿ. ಕೈ ಸುಟ್ಟುಕೊಂಡ ನನ್ನ ಸ್ಟೂಡೆಂಟನ್ನೂ ಕೇಳಿದೆ, ಅವನೂ ಅಂಗಡಿ ಮುಚ್ಚಿ ಬರ್ತೀನಿ ಸಾರ್, ನಾನೇ ಮಾತಾಡ್ತೀನಿ ಅವನ ಹತ್ರ ಅಂದಿದಾನೆ.

ಇತಿ,
ನಿವೃತ್ತ ಐಟಿಐ ಫಿಟ್ಟರ್ ಇನ್‌ಸ್ಟ್ರಕ್ಟರ್,
ತಿಪಟೂರು